ಎತ್ತು ಏರಿಗೆ, ಕೋಣ ನೀರಿಗೆ: ಪೈಥಾನ್ ಪ್ಯಾಕೇಜುಗಳ ವರ್ಷನ್ ಜಗಳ

(ಈ ವಾರದ ಸಂಚಿಕೆಯ ಬರಹ ರೂಪ. ಕಮಾಂಡ್‌ಗಳನ್ನು ಮಾತಿನಲ್ಲಿ ಹೇಳಿದ ಹಾಗೇ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.)

ಇವತ್ತು ಎರಡು ನಂಬರ್ ಇಟ್ಕೊಂಡು ಮಾತು ಶುರು ಮಾಡ್ತೀನಿ. 96 ಮತ್ತು 88.

ಪೈಥಾನ್‌ನಲ್ಲಿ ಡೇಟಾ ಕೆಲಸ ಮಾಡೋರಲ್ಲಿ ತುಂಬಾ ಜನ ಈ ಜೋಡಿನ ನೋಡಿರ್ತೀರ. 'ನಂಪೈ ಡಿಟೈಪ್ ಸೈಜ್ ಚೇಂಜ್ಡ್' ಅಂತ ಶುರುವಾಗುತ್ತೆ, 'ಎಕ್ಸ್‌ಪೆಕ್ಟೆಡ್ 96 ಫ್ರಮ್ ಸಿ ಹೆಡರ್, ಗಾಟ್ 88 ಫ್ರಮ್ ಪೈಆಬ್ಜೆಕ್ಟ್' ಅಂತ ಮುಗಿಯುತ್ತೆ. 2024ರ ಜೂನ್ ತಿಂಗಳಲ್ಲಿ ಪ್ರಪಂಚದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ವಾರದಲ್ಲಿ ಈ ಸಾಲು ಬಂತು. ಕಾರಣ, ಜೂನ್ 16ಕ್ಕೆ ನಂಪೈ 2.0 ಹೊರಗೆ ಬಂತು. ನಂಪೈ 1.0 ಬಂದಿದ್ದು 2006ರಲ್ಲಿ. ಅಂದ್ರೆ ಹದಿನೆಂಟು ವರ್ಷ ಆದ್ಮೇಲೆ ಮೊದಲ ಅಂಕಿ ಬದಲಾಗಿದ್ದು.

ನಾನು ಬಿ.ಕಾಂ ಓದಿದವಳು. ಪೈಥಾನ್ ಕಲಿತಿದ್ದು ಆಮೇಲೆ, ಎಕ್ಸೆಲ್ ಫೈಲ್‌ಗಳ ಕಾಟ ತಡೀಲಾರದೆ. ಹಾಗಾಗಿ ಇವತ್ತು ಕಂಪ್ಯೂಟರ್ ಸೈನ್ಸ್ ಮೇಷ್ಟ್ರ ಥರ ಅಲ್ಲ, ಲೆಕ್ಕ ಬರೆಯೋರ ಥರ ಹೇಳ್ತೀನಿ. ಯಾರಿಗೆ ಯಾರು ಎಷ್ಟು ಕೊಡಬೇಕು ಅನ್ನೋ ಥರ.

ಈ ಸಂಚಿಕೆ ಮಾಡೋಕೆ ಕಾರಣ ಒಂದು ವಾಯ್ಸ್ ನೋಟ್. ಧಾರವಾಡದಲ್ಲಿ ಎಂ.ಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಮಾಡ್ತಿರೋ ಒಬ್ಬ ಹುಡುಗಿ ಕಳಿಸಿದ್ದು. ಹೆಸರು ಬೇಡ ಅಂದಿದ್ದಾಳೆ. ಪ್ರಾಜೆಕ್ಟ್ ವಿಷಯ, ಉತ್ತರ ಕರ್ನಾಟಕದ ಮಳೆ. ಹವಾಮಾನ ಇಲಾಖೆ ಪುಣೆಯಿಂದ ಕೊಡುತ್ತಲ್ಲ, 1901ರಿಂದ ಹಿಡಿದು ಕಾಲು ಡಿಗ್ರಿ ಚೌಕಗಳ ದಿನದ ಮಳೆ ಲೆಕ್ಕ, ಆ ಡೇಟಾ. ಹಿಂದಿನ ಬ್ಯಾಚಿನ ಸೀನಿಯರ್ ಒಬ್ಬರ ಕೋಡ್ ಸಿಕ್ಕಿತ್ತು, ಅದನ್ನ ಮುಂದುವರಿಸೋದು ಇವಳ ಕೆಲಸ. ವೈವಾಗೆ ಒಂಬತ್ತು ದಿನ. ರಜೆಗೆ ನವಲಗುಂದದ ಹತ್ರ ಊರಿಗೆ ಹೋಗಿದ್ದಳು, ಇಂಟರ್ನೆಟ್ ಅಂದ್ರೆ ಫೋನಿನ ಹಾಟ್‌ಸ್ಪಾಟ್, ದಿನಕ್ಕೆ ಒಂದೂವರೆ ಜಿಬಿ. ಅವಳ ಮಾತಲ್ಲೇ ಹೇಳ್ತೀನಿ: "ಅಕ್ಕಾ, ಮೂರು ದಿನಾ ಆತರಿ, ಬರೇ ಕೆಂಪ ಅಕ್ಷರ ಬರಾಕತ್ತಾವ. ನಾ ಕನ್ನಡ ಮೀಡಿಯಂನಾಕಿ, ನನಗ ಇದು ಬಗಿಹರಿಯಂಗಿಲ್ಲ ಅನಸ್ತೈತಿ."

ಕೊನೇ ಸಾಲು ಕೇಳಿ ನಂಗೆ ಸಿಟ್ಟು ಬಂತು. ಅವಳ ಮೇಲಲ್ಲ. ಆ ಕೆಂಪು ಅಕ್ಷರ ಬರೆದಿರೋ ರೀತಿ ಮೇಲೆ. ಒಂದು ಪರದೆ ತುಂಬ ಇಂಗ್ಲಿಷ್ ಸುರಿದು, ಓದೋರಿಗೆ 'ತಪ್ಪು ನಂದೇ' ಅನ್ನಿಸೋ ಹಾಗೆ ಇರುತ್ತೆ ಅದು. ನಿಜ ಏನಂದ್ರೆ ಅಲ್ಲಿ ನೀವು ಆರೋಪಿ ಅಲ್ಲ. ಇಬ್ಬರು ಬೇರೆಯವರ ಜಗಳ ಅದು, ಅವರ ಹೇಳಿಕೆ ನಿಮ್ಮ ಮುಂದೆ ಬಂದಿದೆ. ನೀವು ಪಂಚಾಯ್ತಿ ಕಟ್ಟೆ ಮೇಲೆ ಕೂತಿರೋರು.

ಜಗಳ ಯಾರ ಮಧ್ಯ? ಪೈಥಾನ್‌ನಲ್ಲಿ ಯಾವ ಪ್ಯಾಕೇಜೂ ಒಬ್ಬಂಟಿಯಾಗಿ ಬರಲ್ಲ, ನೆಂಟರ ಸಮೇತ ಬರುತ್ತೆ. ಪಾಂಡಾಸ್ ಬೇಕು ಅಂದ್ರೆ ನಂಪೈ ಬೇಕು. ಎಕ್ಸ್‌ಅರೇ ಬೇಕು ಅಂದ್ರೆ ನಂಪೈಯೂ ಬೇಕು, ಪಾಂಡಾಸೂ ಬೇಕು. ಇದಕ್ಕೇ ಡಿಪೆಂಡೆನ್ಸಿ ಅನ್ನೋದು. ಪ್ರತಿಯೊಂದೂ ಒಂದು ಷರತ್ತು ಹಾಕುತ್ತೆ: ನಂಗೆ ಇಂಥ ವರ್ಷನ್‌ನಿಂದ ಮೇಲೆ ಬೇಕು, ಇಂಥದ್ದಕ್ಕಿಂತ ಕೆಳಗಿರಬೇಕು. ತೊಂದರೆ ಏನಪ್ಪಾ ಅಂದ್ರೆ ಒಂದು ಪೈಥಾನ್ ಮನೇಲಿ ಒಂದು ಪ್ಯಾಕೇಜಿನ ಒಂದೇ ವರ್ಷನ್ ಇರೋಕೆ ಸಾಧ್ಯ. ಒಬ್ಬರು ಪಾಂಡಾಸ್ 1.5.3 ಕೇಳಿ ಇನ್ನೊಬ್ಬರು 2.1 ಕೇಳಿದ್ರೆ ಎರಡನ್ನೂ ಪಕ್ಕಪಕ್ಕ ಇಡೋಕಾಗಲ್ಲ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು.

ಸರಿ, ಅವಳ ಲ್ಯಾಪ್‌ಟಾಪ್‌ಗೆ ಬರೋಣ. ಅವಳಿಗೆ ಒಂದಾದ ಮೇಲೆ ಒಂದು ಮೂರು ಬೇರೆ ಬೇರೆ ಕಾಯಿಲೆ ಬಂದಿತ್ತು. ಮೂರೂ ಕೆಂಪಗೇ ಇದ್ದಿದ್ರಿಂದ ಅವಳಿಗೆ ಒಂದೇ ಥರ ಕಂಡಿತ್ತು.

ಸೀನಿಯರ್ ಬಿಟ್ಟು ಹೋಗಿದ್ದ ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ಎರಡೇ ಸಾಲು. ಒಂದು, ಪಾಂಡಾಸ್ 1.5.3 ಬೇಕು. ಇನ್ನೊಂದು, ಮ್ಯಾಟ್‌ಪ್ಲಾಟ್‌ಲಿಬ್, ವರ್ಷನ್ ಬರೆದಿಲ್ಲ. ಇವಳ ಲ್ಯಾಪ್‌ಟಾಪ್‌ನಲ್ಲಿ ಇದ್ದಿದ್ದು ಪೈಥಾನ್ 3.12. ಇನ್‌ಸ್ಟಾಲ್ ಕೊಟ್ಟ ತಕ್ಷಣ ನೂರಾರು ಸಾಲು ಓಡಿ 'ಬಿಲ್ಡ್ ವೀಲ್' ಅನ್ನೋ ಪದ ಇರೋ ಜಾಗದಲ್ಲಿ ನಿಂತುಹೋಯ್ತು.

ಇದು ಮೊದಲನೇ ಕಾಯಿಲೆ. ಈ 'ವೀಲ್' ಅಂದ್ರೆ ರೆಡಿ ದೋಸೆ ಹಿಟ್ಟಿನ ಪ್ಯಾಕೆಟ್ ಅಂದ್ಕೊಳ್ಳಿ. ಪಾಂಡಾಸ್, ನಂಪೈ ಇವೆಲ್ಲ ಪೂರ್ತಿ ಪೈಥಾನ್‌ನಲ್ಲಿ ಬರೆದಿದ್ದಲ್ಲ, ಒಳಗಡೆ ಸಿ ಭಾಷೆಯ ಕೋಡ್ ಇದೆ. ಅದಕ್ಕೇ ಅಷ್ಟು ವೇಗ. ಆ ಸಿ ಕೋಡನ್ನ ಮೊದಲೇ ರುಬ್ಬಿ, ಒಂದೊಂದು ಪೈಥಾನ್ ವರ್ಷನ್‌ಗೆ, ಒಂದೊಂದು ಆಪರೇಟಿಂಗ್ ಸಿಸ್ಟಂಗೆ ಬೇರೆ ಬೇರೆ ಪ್ಯಾಕೆಟ್ ಮಾಡಿ ಇಟ್ಟಿರ್ತಾರೆ. ಪಾಂಡಾಸ್ 1.5.3 ಬಂದಿದ್ದು 2023ರ ಜನವರಿಯಲ್ಲಿ. ಪೈಥಾನ್ 3.12 ಬಂದಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಹುಟ್ಟೇ ಇಲ್ಲದ ಪೈಥಾನ್‌ಗೆ ಪ್ಯಾಕೆಟ್ ಮಾಡಿಡೋಕೆ ಹೇಗಾಗುತ್ತೆ? ಪ್ಯಾಕೆಟ್ ಸಿಗದಿದ್ದಾಗ ಪಿಪ್ ಸುಮ್ನಿರಲ್ಲ, ಅಕ್ಕಿ ಉದ್ದಿನಬೇಳೆ ತಂದು ನಿಮ್ಮನೇಲೇ ರುಬ್ಬೋಕೆ ಶುರು ಮಾಡುತ್ತೆ. ರುಬ್ಬೋಕೆ ಗ್ರೈಂಡರ್ ಬೇಕು, ಅಂದ್ರೆ ಕಂಪೈಲರ್. ಕೆಲವರಿಗೆ ಇಲ್ಲಿ 'ಮೈಕ್ರೋಸಾಫ್ಟ್ ವಿಶುವಲ್ ಸಿ++ 14.0 ಬೇಕು' ಅಂತ ಬರುತ್ತೆ. ಅದನ್ನ ನಂಬಿ ಜಿಬಿಗಟ್ಟಲೆ ಬಿಲ್ಡ್ ಟೂಲ್ಸ್ ಇಳಿಸಿಕೊಂಡೋರು ಎಷ್ಟು ಜನ ಇದ್ದೀರೋ! ಇಳಿಸಿದ್ರೂ ಇವಳ ಕೇಸಲ್ಲಿ ಕೆಲಸ ಆಗೋದು ಅನುಮಾನ, ಯಾಕಂದ್ರೆ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಅನ್ನೋ ಹಳೇ ಕಟ್ಟೋ ಸಾಮಾನನ್ನೇ ಪೈಥಾನ್‌ನಿಂದ ತೆಗೆದುಹಾಕಿದ್ದಾರೆ.

ಇದಕ್ಕೆ ಮದ್ದು ಗ್ರೈಂಡರ್ ಅಲ್ಲ. ಆ ಪ್ಯಾಕೆಟ್ ಯಾವ ಪೈಥಾನ್‌ಗೆ ಇದೆಯೋ ಆ ಪೈಥಾನ್ ತರೋದು. ಪೈಪಿಐ ಸೈಟಲ್ಲಿ ಪ್ಯಾಕೇಜಿನ ಪುಟಕ್ಕೆ ಹೋಗಿ, 'ಡೌನ್‌ಲೋಡ್ ಫೈಲ್ಸ್' ನೋಡಿ. ಫೈಲ್ ಹೆಸರಲ್ಲಿ ಸಿಪಿ 311 ಅಂತಿದ್ರೆ ಪೈಥಾನ್ 3.11ಕ್ಕೆ, ಸಿಪಿ 310 ಅಂದ್ರೆ 3.10ಕ್ಕೆ. ಫೋನಲ್ಲೇ ನೋಡಬಹುದು, ಒಂದು ಎಂಬಿ ಕೂಡ ಖರ್ಚಾಗಲ್ಲ. ಪಾಂಡಾಸ್ 1.5.3ಕ್ಕೆ 311ರ ತನಕ ಇದೆ, 312 ಇಲ್ಲ. ಮುಗೀತು, ಉತ್ತರ ಸಿಕ್ತು. ಇನ್ನೊಂದು ಉಪಾಯ ಇದೆ. ಇನ್‌ಸ್ಟಾಲ್ ಕಮಾಂಡ್ ಜೊತೆ 'ಹೈಫನ್ ಹೈಫನ್ ಓನ್ಲಿ ಹೈಫನ್ ಬೈನರಿ, ಒಂದು ಸ್ಪೇಸ್, ಕೋಲನ್ ಆಲ್ ಕೋಲನ್' ಅಂತ ಸೇರಿಸಿ. ರೆಡಿ ಹಿಟ್ಟಿದ್ರೆ ಮಾತ್ರ ತಾ, ಇಲ್ಲಾಂದ್ರೆ ಸುಮ್ನೆ ಇಲ್ಲ ಅಂತ ಹೇಳು ಅಂತ ಅದರರ್ಥ. ನೂರು ಸಾಲಿನ ರಗಳೆ ಎರಡು ಸಾಲಿಗೆ ಇಳಿಯುತ್ತೆ.

ಇವಳು ಪೈಥಾನ್ 3.11 ಹಾಕಿದಳು. ವಿಂಡೋಸ್‌ನಲ್ಲಿ 3.12 ತೆಗೀಬೇಕಾಗಿಲ್ಲ, ಎರಡೂ ಇರಬಹುದು. ಈಗ ಇನ್‌ಸ್ಟಾಲ್ ಹಸಿರು. 'ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್.' ಖುಷಿಯಿಂದ ಇಂಪೋರ್ಟ್ ಪಾಂಡಾಸ್ ಅಂತ ಹೊಡೆದ್ರೆ? 96, 88.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಇದೇ ನಿಜವಾದ ಕಳ್ಳ.

ಪಾಂಡಾಸ್ 1.5.3ನ ಷರತ್ತು ಏನು ಗೊತ್ತಾ? ಪೈಥಾನ್ 3.11 ಆದ್ರೆ ನಂಪೈ 1.23.2 ಅಥವಾ ಅದಕ್ಕಿಂತ ಮೇಲೆ. ಅಷ್ಟೇ. ಮೇಲಿನ ಮಿತಿ ಇಲ್ಲ. ಪಿಪ್ ನೋಡ್ತು, ನಂಪೈ 2 ಇದೆ, 2 ಅನ್ನೋದು 1.23ಕ್ಕಿಂತ ಮೇಲೆ, ಷರತ್ತು ಸರಿ, ಹಾಕು. ಕಾಗದದ ಮೇಲೆ ಎಲ್ಲ ಸರಿ. ಆದರೆ ಪಾಂಡಾಸ್‌ನ ಆ ಪ್ಯಾಕೆಟ್ ರುಬ್ಬುವಾಗ ನಂಪೈ 1ರ ಸರಣಿಯನ್ನ ಪಕ್ಕದಲ್ಲಿಟ್ಟುಕೊಂಡು ರುಬ್ಬಿದ್ದು. ನಂಪೈಯಲ್ಲಿ ಒಂದು ಅರೇ ಯಾವ ಜಾತಿಯ ಡೇಟಾ ಅಂತ ಹೇಳೋ ಒಂದು ಗುರುತಿನ ಚೀಟಿ ಇದೆ, ಡಿಟೈಪ್ ಅಂತ. ನಂಪೈ 1ರಲ್ಲಿ ಆ ಚೀಟಿ ಮೆಮೊರಿಯಲ್ಲಿ 96 ಬೈಟ್ ಜಾಗ ತಗೊಳ್ತಿತ್ತು. ಇದೇ ಅಳತೆ ಅಂತ ಪಾಂಡಾಸ್ ಒಳಗೆ ಅಚ್ಚಾಗಿ ಕೂತಿದೆ. ನಂಪೈ 2ರಲ್ಲಿ ಆ ಚೀಟಿಯನ್ನ ಮರುಜೋಡಿಸಿದ್ರು, 88 ಬೈಟ್ ಆಯ್ತು. ಪಾಂಡಾಸ್ ಬಂದು 96 ಎಲ್ಲಿ ಅಂತ ಕೇಳುತ್ತೆ, ಅಲ್ಲಿ 88 ಇದೆ. ಮುಂದೆ ಹೋದ್ರೆ ತಪ್ಪು ಜಾಗದಿಂದ ಓದೋ ಅಪಾಯ, ಅದಕ್ಕೇ ಬಾಗಿಲಲ್ಲೇ ನಿಂತುಬಿಡುತ್ತೆ. ಈ ಎರರ್ ಬೈಕೋಬೇಡಿ, ಇದು ಕಾವಲುಗಾರ.

ನಮ್ಮ ಕಾಮರ್ಸ್‌ನೋರಿಗೆ ಇದು ಹೊಸದಲ್ಲ. ಟ್ಯಾಲಿಯಲ್ಲಿ ಹೊಸ ರಿಲೀಸ್‌ಗೆ ಮೈಗ್ರೇಟ್ ಮಾಡಿದ ಕಂಪನಿ ಡೇಟಾವನ್ನ ಹಳೇ ರಿಲೀಸ್‌ನಲ್ಲಿ ತೆರೆಯೋಕೆ ಹೋಗಿ ನೋಡಿ. ಅದೇ ವೋಚರ್, ಅದೇ ಲೆಡ್ಜರ್, ಆದರೆ ಒಳಗೆ ಜೋಡಿಸಿರೋ ರೀತಿ ಬೇರೆ.

ಇಲ್ಲಿ ಒಬ್ಬರು ಕೇಳಬಹುದು, ಪಾಂಡಾಸ್‌ನವರು '2ಕ್ಕಿಂತ ಕೆಳಗೆ' ಅಂತ ಮೊದಲೇ ಬರೀಬೇಕಿತ್ತಲ್ವಾ ಅಂತ. 2023ರ ಜನವರಿಯಲ್ಲಿ ನಂಪೈ 2 ಹೇಗಿರುತ್ತೆ ಅಂತ ಗೊತ್ತಿರಲಿಲ್ಲ. ಹತ್ತಿರ ಬಂದಾಗ ಪಾಂಡಾಸ್‌ನವರು ಆ ಮಿತಿ ಹಾಕಿದ್ರು, ಆಮೇಲೆ 2024ರ ಏಪ್ರಿಲ್‌ನಲ್ಲಿ 2.2.2 ಬಿಟ್ಟು ನಂಪೈ 2ರ ಜೊತೆಗೂ ನಡೆಯೋ ಹಾಗೆ ಮಾಡಿದ್ರು. ಆದರೆ ಒಂದು ಸಲ ಹೊರಗೆ ಬಿಟ್ಟ ಹಳೇ ವರ್ಷನ್‌ನ ಷರತ್ತು ಪತ್ರ ತಿದ್ದೋಕಾಗಲ್ಲ. ಹಾಗಂತ ಎಲ್ಲದಕ್ಕೂ ಮೇಲಿನ ಮಿತಿ ಹಾಕಿದ್ರೆ ಏನಾಗುತ್ತೆ? ನಾಳೆ ಹೊಸದು ಬಂದಾಗ ನಿಜಕ್ಕೂ ಏನೂ ಕೆಡದೇ ಇದ್ರೂ ಪಿಪ್ ಬೇಡ ಅನ್ನುತ್ತೆ. ಮಿತಿ ಹಾಕಿದ್ರೆ ಇವತ್ತಿನ ಜಗಳ, ಹಾಕದಿದ್ರೆ ನಾಳೆಯ ಜಗಳ. ಇದನ್ನ ಕಾಯೋರಲ್ಲಿ ಸಂಬಳ ಇಲ್ಲದೆ ಬಿಡುವಲ್ಲಿ ಮಾಡೋರೂ ಬೇಕಾದಷ್ಟು ಜನ ಇದ್ದಾರೆ ಅನ್ನೋದನ್ನ ಬೈಯೋ ಮುಂಚೆ ನೆನಪಿಟ್ಕೊಳ್ಳಿ.

ಇವಳಿಗೆ ಮದ್ದು ಒಂದೇ ಸಾಲು. ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ನಂಪೈ, 2ಕ್ಕಿಂತ ಕಡಿಮೆ. ಪಿಪ್ ಹೋಗಿ 1.26.4 ತಂತು, ಅದು 1ರ ಸರಣಿಯ ಕೊನೇದು. ಪಾಂಡಾಸ್ ತೆರೀತು.

ಒಂದು ಸಣ್ಣ ಎಚ್ಚರಿಕೆ. ಈ ಷರತ್ತನ್ನ ಫೈಲ್‌ನಲ್ಲಿ ಬರೆಯದೆ ನೇರ ಟರ್ಮಿನಲ್‌ನಲ್ಲಿ ಹೊಡೆಯೋದಾದ್ರೆ ಡಬಲ್ ಕೋಟ್ಸ್ ಒಳಗೆ ಹಾಕಿ. ಇಲ್ಲಾಂದ್ರೆ ಕಡಿಮೆ-ಜಾಸ್ತಿ ಚಿಹ್ನೆಯನ್ನ ಟರ್ಮಿನಲ್ ಬೇರೆ ಥರ ಅರ್ಥ ಮಾಡ್ಕೊಳ್ಳುತ್ತೆ. 'ಕಡಿಮೆ' ಚಿಹ್ನೆ ಹಾಕಿದ್ರೆ 2 ಅನ್ನೋ ಫೈಲ್ ಹುಡುಕೋಕೆ ಹೋಗುತ್ತೆ. 'ಜಾಸ್ತಿ' ಚಿಹ್ನೆ ಹಾಕಿದ್ರೆ ಇನ್ನೂ ತಮಾಷೆ. ಷರತ್ತು ಗಾಳಿಗೆ ಹೋಗಿ, ನಿಮ್ಮ ಫೋಲ್ಡರಲ್ಲಿ 'ಈಕ್ವಲ್ ಟು 2.1' ಅಂತ ಒಂದು ಫೈಲ್ ಹುಟ್ಟಿರುತ್ತೆ. ಈಗಲೇ ನಿಮ್ಮ ಫೋಲ್ಡರ್ ನೋಡಿ, ಒಂದಾದ್ರೂ ಇರುತ್ತೆ.

ಮೂರನೇ ಕಾಯಿಲೆ. ಮಳೆ ಡೇಟಾ ನೆಟ್‌ಸಿಡಿಎಫ್ ಫೈಲ್‌ಗಳಲ್ಲಿ ಇರುತ್ತೆ, ಅದನ್ನ ಓದೋಕೆ ಎಕ್ಸ್‌ಅರೇ ಬೇಕು. ಇವಳು ಯಾವುದೋ ಟ್ಯುಟೋರಿಯಲ್ ನೋಡಿ 2025ರ ಒಂದು ವರ್ಷನ್ನೇ ಬೇಕು ಅಂತ ಬರೆದಳು. ಈ ಸಲ ಪಿಪ್ ಏನೂ ಇನ್‌ಸ್ಟಾಲ್ ಮಾಡ್ಲಿಲ್ಲ. ಕೊನೆಯಲ್ಲಿ 'ರೆಸಲ್ಯೂಷನ್ ಇಂಪಾಸಿಬಲ್'. ಇದು ಮೂರರಲ್ಲಿ ಅತಿ ಸಭ್ಯವಾದ ಎರರ್, ಯಾಕಂದ್ರೆ ಇಬ್ಬರ ಹೇಳಿಕೆಯನ್ನೂ ಕೊಡುತ್ತೆ. 'ದ ಕಾನ್‌ಫ್ಲಿಕ್ಟ್ ಈಸ್ ಕಾಸ್ಡ್ ಬೈ' ಅನ್ನೋ ಸಾಲು ಹುಡುಕಿ, ಅದರ ಕೆಳಗೆ ನೋಡಿ. ಬಳಕೆದಾರರು ಕೇಳಿದ್ದು ಪಾಂಡಾಸ್ 1.5.3. ಎಕ್ಸ್‌ಅರೇ ಕೇಳ್ತಿರೋದು ಪಾಂಡಾಸ್ 2.1 ಅಥವಾ ಮೇಲೆ. ಇಂಗ್ಲಿಷ್ ಬರ್ಲೇಬೇಕಾ ಇದಕ್ಕೆ? ಎರಡು ಹೆಸರು, ಎರಡು ನಂಬರ್. ಎರರ್‌ನ ಮೇಲಿಂದ ಓದ್ಬೇಡಿ, ಕೆಳಗಿಂದ ಓದಿ. ಮೊದಲು ಪ್ಯಾಕೇಜುಗಳ ಹೆಸರು, ಆಮೇಲೆ ನಂಬರ್. ಉಳಿದಿದ್ದು ಬಹುಪಾಲು ದಾರಿ ಹೇಳೋ ಮಾತು.

ಹಳೇ ಪಿಪ್ ಹೀಗೆ ಹೇಳ್ತಿರಲಿಲ್ಲ. 2020ರ ನವೆಂಬರ್‌ನಲ್ಲಿ ಬಂದ ಪಿಪ್ 20.3ರಿಂದ ಹೊಸ ರಿಸಾಲ್ವರ್ ಮಾಮೂಲಾಯ್ತು. ಅದಕ್ಕೆ ಮುಂಚೆ ಷರತ್ತು ಹೊಂದದೇ ಇದ್ರೂ ಮೊದಲು ಸಿಕ್ಕಿದ್ದನ್ನ ಹಾಕಿ ಮುಂದೆ ಹೋಗ್ತಿತ್ತು. ಈಗಿನದು ಎಲ್ಲ ಷರತ್ತಿಗೂ ಒಪ್ಪೋ ಒಂದು ಜೋಡಣೆ ಸಿಗೋ ತನಕ ಹಿಂದೆ ಮುಂದೆ ಹೋಗಿ ಹುಡುಕುತ್ತೆ. ಈ ಹುಡುಕಾಟ ಗಣಿತದ ದೃಷ್ಟಿಯಲ್ಲಿ ಕಷ್ಟದ್ದು, ಎನ್‌ಪಿ-ಕಂಪ್ಲೀಟ್ ಅಂತಾರಲ್ಲ ಆ ಜಾತಿ. ಹದಿನೈದು ಜನ ನೆಂಟರಿಗೆಲ್ಲ ಒಪ್ಪಿಗೆಯಾಗೋ ಮದುವೆ ಮುಹೂರ್ತ ಹುಡುಕಿದ ಹಾಗೆ. ಅದಕ್ಕೇ ಕೆಲವೊಮ್ಮೆ ಪಿಪ್ ಒಂದೇ ಪ್ಯಾಕೇಜಿನ ಐದಾರು ವರ್ಷನ್ ಇಳಿಸ್ತಾ ಕೂತಿರುತ್ತೆ. ಹಾಟ್‌ಸ್ಪಾಟ್‌ನಲ್ಲಿ ಇರೋರಿಗೆ ಇದು ನೇರ ದುಡ್ಡಿನ ವಿಷಯ. ಹೊಸ ಪಿಪ್ ಬಹಳಷ್ಟು ಸಲ ಪೂರ್ತಿ ಫೈಲ್ ಇಳಿಸದೆ ಷರತ್ತಿನ ಚೀಟಿ ಮಾತ್ರ ಓದಿಕೊಳ್ಳುತ್ತೆ, ಹಾಗಾಗಿ ಮೊದಲು ಪಿಪ್‌ನೇ ಅಪ್‌ಗ್ರೇಡ್ ಮಾಡಿ. 'ಹೈಫನ್ ಹೈಫನ್ ಡ್ರೈ ಹೈಫನ್ ರನ್' ಅಂತ ಸೇರಿಸಿದ್ರೆ ಏನನ್ನೂ ಹಾಕದೆ, ಏನೇನು ಹಾಕ್ತೀನಿ ಅಂತ ಪಟ್ಟಿ ಮಾತ್ರ ಕೊಡುತ್ತೆ. ಲಿನಕ್ಸ್‌ನಲ್ಲಿ ಪೈಟಾರ್ಚ್ ಥರದ್ದು ಒಂದೇ ಫೈಲ್ ನೂರಾರು ಎಂಬಿ ಇರುತ್ತೆ, ಕೇಳಿಕೊಂಡು ತರಿಸೋದು ಒಳ್ಳೇದು.

ಇಬ್ಬರ ಜಗಳ ಬಿಡಿಸೋಕೆ ಇವಳಿಗೆ ಎರಡು ದಾರಿ ಇತ್ತು. ಒಂದು, ಎಕ್ಸ್‌ಅರೇ ವರ್ಷನ್ ಬರೆಯದೆ ಬಿಡೋದು, ಪಿಪ್ ತಾನಾಗೇ ಪಾಂಡಾಸ್ 1.5.3ಕ್ಕೆ ಒಪ್ಪೋ ಹಳೇ ಎಕ್ಸ್‌ಅರೇ ಹುಡುಕುತ್ತೆ. ಇನ್ನೊಂದು, ಸೀನಿಯರ್ ಕೋಡನ್ನೇ ಹೊಸ ಪಾಂಡಾಸ್‌ಗೆ ಏರಿಸೋದು. ಆ ಕೋಡ್ ಹಳೇ ಪಾಂಡಾಸ್‌ಗೆ ಅಂಟಿಕೊಂಡಿದ್ದು ಯಾಕೆ ಅಂತ ನೋಡಿದ್ರೆ, ಡೇಟಾಫ್ರೇಮ್‌ನ 'ಅಪೆಂಡ್' ಹನ್ನೊಂದು ಕಡೆ ಬಳಸಿದ್ರು. ಪಾಂಡಾಸ್ 2.0ರಲ್ಲಿ, ಅಂದ್ರೆ 2023ರ ಏಪ್ರಿಲ್‌ನಲ್ಲಿ, ಅದನ್ನ ತೆಗೆದುಹಾಕಿದ್ರು, ಬದಲಿಗೆ 'ಕಾನ್‌ಕ್ಯಾಟ್' ಬಳಸಬೇಕು. ಹನ್ನೊಂದು ಸಾಲು ಬದಲಾಯಿಸೋದು ಒಂದು ಸಂಜೆ ಕೆಲಸ. ಆದರೆ ವೈವಾಗೆ ಒಂಬತ್ತು ದಿನ ಇದ್ದಾಗ ನಾನು ಹೇಳಿದ್ದು ಮೊದಲನೇ ದಾರಿ. ಓಡ್ತಿರೋ ಕೋಡನ್ನ ಪರೀಕ್ಷೆ ಮುಂಚೆ ಮುಟ್ಟಬಾರದು. ಅಪ್‌ಗ್ರೇಡ್ ಆಮೇಲೆ ಮಾಡ್ಕೊಳ್ಳಮ್ಮ ಅಂದೆ. ಎಲ್ಲದರಲ್ಲೂ ಲೇಟೆಸ್ಟ್ ಇರ್ಬೇಕು ಅನ್ನೋದು ಫೋನ್ ಕಂಪನಿಗಳು ಕಲಿಸಿದ ಚಟ.

ಇನ್ನೊಂದು ವಿಷಯ, ಅವಳು ಇದನ್ನೆಲ್ಲ ಮಾಡಿದ್ದು ಲ್ಯಾಪ್‌ಟಾಪಿನ ಮೂಲ ಪೈಥಾನ್‌ನಲ್ಲಿ ಅಲ್ಲ. 'ಪೈ ಹೈಫನ್ 3.11 ಹೈಫನ್ ಎಂ ವೆನ್ವ್ ಮಳೆ' ಅಂತ ಕೊಟ್ಟು ಮಳೆ ಅಂತ ಒಂದು ಬೇರೆ ಮನೆ ಕಟ್ಟಿದಳು. ವರ್ಚುವಲ್ ಎನ್ವಿರಾನ್‌ಮೆಂಟ್. ಒಂದು ಪ್ರಾಜೆಕ್ಟ್, ಒಂದು ಮನೆ. ಜಗಳ ಆದ್ರೆ ಆ ಫೋಲ್ಡರ್ ಡಿಲೀಟ್ ಮಾಡಿ ಮತ್ತೆ ಕಟ್ಟಬಹುದು. ಪಿಪ್ ಒಂದು ಸಲ ಇಳಿಸಿದ್ದನ್ನ ಕ್ಯಾಷ್‌ನಲ್ಲಿ ಇಟ್ಕೊಂಡಿರುತ್ತೆ, ಎರಡನೇ ಸಲ ಡೇಟಾ ಅಷ್ಟಾಗಿ ಖರ್ಚಾಗಲ್ಲ. ಉಬುಂಟು 23.04, ಡೆಬಿಯನ್ 12 ಇವುಗಳಿಂದ ಮುಂದಕ್ಕೆ ಮೂಲ ಪೈಥಾನ್‌ನಲ್ಲಿ ಪಿಪ್ ಹಾಕೋಕೆ ಹೋದ್ರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ತಡೆಯುತ್ತೆ. ಅದನ್ನ ದಾಟೋಕೆ ಒಂದು ಕಮಾಂಡ್ ಇದೆ, ಅದರ ಹೆಸರಲ್ಲೇ 'ಬ್ರೇಕ್ ಸಿಸ್ಟಂ' ಅಂತಿದೆ. ಹೆಸರಿಟ್ಟೋರು ಸುಮ್ನೆ ಇಟ್ಟಿಲ್ಲ.

ಎಲ್ಲ ಹಾಕಿದ ಮೇಲೂ 'ಮಾಡ್ಯೂಲ್ ನಾಟ್ ಫೌಂಡ್' ಬಂದ್ರೆ ಅದು ಬಹಳ ಸಲ ವರ್ಷನ್ ಜಗಳ ಅಲ್ಲ, ವಿಳಾಸ ತಪ್ಪು. ಪಿಪ್ ಒಂದು ಮನೆಗೆ ಹಾಕಿದೆ, ಜುಪಿಟರ್ ಇನ್ನೊಂದು ಮನೇಲಿ ಹುಡುಕ್ತಿದೆ. ನೋಟ್‌ಬುಕ್‌ನಲ್ಲಿ ಇಂಪೋರ್ಟ್ ಸಿಸ್ ಮಾಡಿ, ಸಿಸ್ ಡಾಟ್ ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿ ನೋಡಿ, ಯಾವ ಮನೆ ಅಂತ ಗೊತ್ತಾಗುತ್ತೆ. ಬರೀ 'ಪಿಪ್' ಅನ್ನೋ ಬದಲು 'ಪೈಥಾನ್ ಹೈಫನ್ ಎಂ ಪಿಪ್' ಅನ್ನೋ ಅಭ್ಯಾಸ ಮಾಡ್ಕೊಂಡ್ರೆ ಈ ತಲೆನೋವು ಅರ್ಧ ಹೋಗುತ್ತೆ.

ಕಾಂಡಾ ಬಗ್ಗೆ ಕೇಳ್ತೀರ ಅಂತ ಗೊತ್ತು. ಪೈಥಾನ್ ಅಲ್ಲದ ಸಾಮಾನು ಜಾಸ್ತಿ ಬೇಕಾದಾಗ, ಅಂದ್ರೆ ಮ್ಯಾಪ್ ಕೆಲಸದ ಜಿಡಿಎಎಲ್, ಎಚ್‌ಡಿಎಫ್5 ಇಂಥವು ಬೇಕಾದಾಗ, ಕಾಂಡಾ ವಾಸಿ. ಅದು ಆ ಲೈಬ್ರರಿಗಳನ್ನೂ ಪ್ಯಾಕೇಜ್ ಮಾಡಿ ಷರತ್ತು ನೋಡುತ್ತೆ. ನಿಧಾನ ಅನ್ನೋ ಹಳೇ ದೂರು 2023ರ ಕೊನೆಗೆ ಹೊಸ ಸಾಲ್ವರ್ ಬಂದ ಮೇಲೆ ಬಹಳ ಕಡಿಮೆ ಆಗಿದೆ. ಆದರೆ ಕಾಂಡಾ ಮತ್ತು ಪಿಪ್ ಎರಡನ್ನೂ ಒಂದೇ ಮನೇಲಿ ಬಳಸೋದಾದ್ರೆ ಮೊದಲು ಕಾಂಡಾದ್ದೆಲ್ಲ ಮುಗಿಸಿ, ಕೊನೆಗೆ ಪಿಪ್. ಪಿಪ್ ಆದ್ಮೇಲೆ ಮತ್ತೆ ಕಾಂಡಾಗೆ ಹೋಗ್ಬೇಡಿ, ಒಬ್ಬರು ಬರೆದ ಲೆಕ್ಕ ಇನ್ನೊಬ್ಬರು ಅಳಿಸ್ತಾರೆ. 200 ಜನಕ್ಕಿಂತ ದೊಡ್ಡ ಕಂಪನಿಗಳಿಗೆ ಅನಕೊಂಡಾದವರ ಡೀಫಾಲ್ಟ್ ಚಾನೆಲ್ ಪುಕ್ಕಟೆ ಅಲ್ಲ, ಕೆಲಸಕ್ಕೆ ಸೇರಿದ ಮೇಲೆ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಹಾಕೋ ಮುಂಚೆ ಕೇಳಿ. ಮಿನಿಫೋರ್ಜ್ ಹಾಕಿದ್ರೆ ಕಾಂಡಾ-ಫೋರ್ಜ್‌ನಿಂದ ಬರುತ್ತೆ, ಅಲ್ಲಿ ಆ ತಕರಾರಿಲ್ಲ.

ಈಗ ನಂಗೆ ಇದೆಲ್ಲದಕ್ಕಿಂತ ಮುಖ್ಯ ಅನ್ಸೋ ವಿಷಯ. ಎರರ್ ಬಂದ್ರೆ ಪುಣ್ಯ. ಎರರ್ ಬರದೇ ಉತ್ತರ ಬದಲಾದ್ರೆ?

ವಿಂಡೋಸ್‌ನಲ್ಲಿ ನಂಪೈ 1ರ ಸರಣಿ ಪೂರ್ಣಾಂಕಗಳನ್ನ ಮಾಮೂಲಾಗಿ 32 ಬಿಟ್‌ನಲ್ಲಿ ಇಡ್ತಿತ್ತು, ಲಿನಕ್ಸ್, ಮ್ಯಾಕ್‌ನಲ್ಲಿ 64. 32 ಬಿಟ್‌ನಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆ 214 ಕೋಟಿ 74 ಲಕ್ಷದ ಚಿಲ್ಲರೆ. ಈಗ ನಮ್ಮ ಬಿ.ಕಾಂ ಲೆಕ್ಕ. 200 ಕೋಟಿ, ಇನ್ನೊಂದು 200 ಕೋಟಿ, ಎರಡನ್ನ ನಂಪೈ ಅರೇಯಲ್ಲಿ ಹಾಕಿ ಸಮ್ ಮಾಡಿ. ವಿಂಡೋಸ್‌ನಲ್ಲಿ ನಂಪೈ 1 ಕೊಡೋ ಉತ್ತರ ಮೈನಸ್ 29,49,67,296. ಕೆಂಪಕ್ಷರ ಇಲ್ಲ, ಎಚ್ಚರಿಕೆ ಇಲ್ಲ. 400 ಕೋಟಿ ಆಸ್ತಿ 29 ಕೋಟಿ ಸಾಲ ಆಯ್ತು. ನಂಪೈ 2ರಲ್ಲಿ ವಿಂಡೋಸ್‌ನಲ್ಲೂ 64 ಬಿಟ್ ಮಾಡಿದ್ರು, ಈಗ ಸರಿಯಾಗಿ 400 ಕೋಟಿ ಬರುತ್ತೆ. ಪಾಂಡಾಸ್ ಸಿಎಸ್‌ವಿ ಓದುವಾಗ ಮೊದಲಿಂದಲೂ 64 ಬಿಟ್ ತಗೊಳ್ಳುತ್ತೆ, ಅದರಿಂದ ಎಷ್ಟೋ ಜನ ಗೊತ್ತಿಲ್ಲದೇ ಬಚಾವಾಗಿದ್ದಾರೆ.

ಅಂದ್ರೆ ಒಂದೇ ಕೋಡ್, ಒಂದೇ ಡೇಟಾ, ವರ್ಷನ್ ಬೇರೆ, ಉತ್ತರ ಬೇರೆ. ಹಾಗಿದ್ಮೇಲೆ ನಿಮ್ಮ ಥೀಸಿಸ್‌ನಲ್ಲಿ ಬರೆದಿರೋ ಸಂಖ್ಯೆ ಯಾವ ವರ್ಷನ್‌ನಿಂದ ಬಂತು ಅನ್ನೋದೂ ಆ ಸಂಖ್ಯೆಯ ಭಾಗ. ಬಿಲ್ ನಂಬರ್ ಇಲ್ಲದ ವೋಚರ್‌ನ ಯಾವ ಆಡಿಟರ್ ಒಪ್ತಾರೆ? ಆ ಸೀನಿಯರ್ ರಿಕ್ವೈರ್‌ಮೆಂಟ್ಸ್‌ನಲ್ಲಿ ನಂಪೈ ವರ್ಷನ್ ಬರೆದಿದ್ರೆ, ಪೈಥಾನ್ 3.11 ಅಂತ ಒಂದು ಪದ ಸೇರಿಸಿದ್ರೆ ಇವಳ ಮೂರು ದಿನ ಉಳೀತಿತ್ತು. ಕೋಡ್ ಓಡಿದ ದಿನವೇ 'ಪೈಥಾನ್ ಹೈಫನ್ ಎಂ ಪಿಪ್ ಫ್ರೀಜ್' ಕೊಟ್ಟು, ಬಂದ ಪಟ್ಟಿಯನ್ನ ಫೈಲ್‌ಗೆ ಸೇವ್ ಮಾಡಿ. ಪೈಥಾನ್ ವರ್ಷನ್ ಆ ಪಟ್ಟೀಲಿ ಬರಲ್ಲ, ಕೈಯಲ್ಲಿ ಬರೀರಿ. ಇವಳು ಆ ಪಟ್ಟೀನ ಥೀಸಿಸ್‌ನ ಅನುಬಂಧದಲ್ಲೇ ಹಾಕಿದಳು. ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ ಆ ಪುಟದ ಬಗ್ಗೆಯೇ ಅಂತೆ. "ಹತ್ತು ನಿಮಿಷ ನಾನಾ ಮಾತಾಡಿದ್ನಿರಿ" ಅಂತ ಮೆಸೇಜ್ ಹಾಕಿದ್ದಳು.

'ಪಿಪ್ ಚೆಕ್' ಅಂತ ಒಂದು ಕಮಾಂಡ್ ಇದೆ, ಹಾಕಿರೋ ಪ್ಯಾಕೇಜುಗಳ ಷರತ್ತು ಒಂದಕ್ಕೊಂದು ತಾಳೆ ಆಗುತ್ತಾ ನೋಡುತ್ತೆ. ಬಳಸಿ, ಒಳ್ಳೇದು. ಆದರೆ ಅದು ಟ್ರಯಲ್ ಬ್ಯಾಲೆನ್ಸ್ ಇದ್ದ ಹಾಗೆ. ಎರಡೂ ಕಡೆ ತಾಳೆ ಆದ ಮಾತ್ರಕ್ಕೆ ಎಂಟ್ರಿ ಸರಿ ಅಂತಲ್ಲ. ಆ 96-88 ಇದ್ದಾಗಲೂ ಪಿಪ್ ಚೆಕ್ ಎಲ್ಲ ಸರಿ ಅಂತಲೇ ಹೇಳುತ್ತೆ.

ಕೊನೆಗೆ ಫೋನಲ್ಲೇ ಕಲೀತಿರೋರಿಗೆ, ನಿಮ್ಮಿಂದ ಬಂದಿರೋ ಪ್ರಶ್ನೆಗಳು ಜಾಸ್ತಿ. ಟರ್ಮಕ್ಸ್‌ನಲ್ಲಿ ಪಿಪ್‌ನಿಂದ ನಂಪೈ ಹಾಕೋಕೆ ಹೋದ್ರೆ ಫೋನೇ ರುಬ್ಬೋಕೆ ಕೂರುತ್ತೆ, ಬಿಸಿಯಾಗುತ್ತೆ, ಬಹಳ ಸಲ ಸೋಲುತ್ತೆ. ಅಲ್ಲಿ 'ಪಿಕೆಜಿ ಇನ್‌ಸ್ಟಾಲ್ ಪೈಥಾನ್ ಹೈಫನ್ ನಂಪೈ' ಅಂತ ಕೊಡಿ, ಟರ್ಮಕ್ಸ್‌ನವರು ರೆಡಿ ಮಾಡಿಟ್ಟಿದ್ದು ಸಿಗುತ್ತೆ. ಕೋಲ್ಯಾಬ್ ಬಳಸೋರು, ಅಲ್ಲಿ ನಂಪೈ ವರ್ಷನ್ ಬದಲಾಯಿಸಿದ ಮೇಲೆ ಸೆಷನ್ ರೀಸ್ಟಾರ್ಟ್ ಮಾಡಲೇಬೇಕು. ಹಳೇದು ಆಗಲೇ ಮೆಮೊರಿಗೆ ಬಂದು ಕೂತಿರುತ್ತೆ, ಎಬ್ಬಿಸದೆ ಹೊಸದು ಕೂರಲ್ಲ. ಕೋಲ್ಯಾಬ್‌ನವರು ಪ್ಯಾಕೇಜುಗಳನ್ನ ತಾವೇ ಆಗಾಗ ಬದಲಾಯಿಸ್ತಾರೆ, ಹಾಗಾಗಿ ಆರು ತಿಂಗಳ ಹಿಂದೆ ಓಡಿದ ನೋಟ್‌ಬುಕ್ ಇವತ್ತು ನಿಂತ್ರೆ ಆಶ್ಚರ್ಯ ಬೇಡ. ನೋಟ್‌ಬುಕ್‌ನ ಕೊನೇ ಸೆಲ್‌ನಲ್ಲಿ ಒಂದು ಪಿಪ್ ಫ್ರೀಜ್ ಇಟ್ಕೊಳ್ಳಿ.

ನಿಮ್ಮ ಎರರ್ ಕಳಿಸೋದಾದ್ರೆ ಅರ್ಧ ಕಟ್ ಆದ ಸ್ಕ್ರೀನ್‌ಶಾಟ್ ಬೇಡ, ಟೆಕ್ಸ್ಟ್ ಕಾಪಿ ಮಾಡಿ ಕೊನೇ ಹದಿನೈದು ಸಾಲು ಕಳಿಸಿ. ಜೊತೆಗೆ ಪೈಥಾನ್ ವರ್ಷನ್, ಯಾವ ಆಪರೇಟಿಂಗ್ ಸಿಸ್ಟಂ, ಕೊಟ್ಟ ಕಮಾಂಡ್ ಏನು, ಇಷ್ಟು. ಕನ್ನಡದಲ್ಲೇ ಬರೀರಿ.